ಗುಣದ ಕಾಲಮ್ಮಿನಲ್ಲಿ

ಹಲ್ಲುಜ್ಜುತ್ತ ನಿಂತಿದ್ದವನಿಗೆ ನಲ್ಲಿಯೊಳಗೆ ಅದೇ ಗೊಣಗು ಕೇಳಿಸಿತು. ನಲ್ಲಿ ನಿಲ್ಲಿಸಿದ. ನಿಲ್ಲಿಸಿದ ಮೇಲೂ ಅರೆಕ್ಷಣ ಇತ್ತು. ಇಲ್ಲ, ಇರಲಿಲ್ಲ, ಇತ್ತು ಅನ್ನಿಸಿದ್ದು ಮಾತ್ರ ನಿಜ. ಮತ್ತೆ ತಿರುಗಿಸಿ, ಮತ್ತೆ ನಿಲ್ಲಿಸಿ, ತಲೆಯನ್ನು ಗೋಡೆಯ ಕಡೆ ವಾಲಿಸಿ ಆಲಿಸಿದ. ಬಾಯಲ್ಲಿ ನೊರೆ ಒಣಗುತ್ತ ಬಂತು. ಹೊರಗಿನಿಂದ ಅಕ್ಕ ಬಾಗಿಲು ಬಡಿದು, ನಲ್ಲಿ ಜೊತೆ ಮಾತಾಡಿದ್ದು ಸಾಕು, ನಿಮ್ಮ ಭಾವನೂ ಮುಖ ತೊಳೀಬೇಕು ಎಂದಳು. ಅವನು ಬಾಯಿ ಮುಕ್ಕಳಿಸಿ ಹೊರಗೆ ಬಂದ. ಮೂರು ತಿಂಗಳಿಂದ ಇದೇ ಆಗಿತ್ತು. ಫ್ರಿಜ್ಜಿನ ಹಿಂದೆ, ಬಸ್ಸು ಇಳಿಜಾರಿನಲ್ಲಿ ಇಳಿಯುವಾಗ, ಪಕ್ಕದ ಮನೆಯ ಮುದುಕ ಗಂಟಲು ಸರಿಮಾಡಿಕೊಳ್ಳುವಾಗ, ಎಲ್ಲೆಂದರಲ್ಲಿ ಆ ಗೊಣಗು. ಇದ್ದದ್ದು ಯಾವುದು, ತಾನೇ ಕೇಳಿಸಿಕೊಂಡದ್ದು ಯಾವುದು ಎಂದು ಬಿಡಿಸಿ ಹೇಳುವುದಕ್ಕೇ ಕಾರ್ಖಾನೆ ಅವನಿಗೆ ಸಂಬಳ ಕೊಡುತ್ತಿತ್ತು. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಕಿವಿ ಎಂದು. ಇವತ್ತು ಹನ್ನೊಂದು ಗಂಟೆಗೆ ಹೊಸ ಕಾರಿನ ಕೊನೆಯ ಆಲಿಕೆ, ಎಂದರೆ ಸದ್ದಿನ ಪರೀಕ್ಷೆ. ಅದಾದ ಮೇಲೆ ಅವನು ಹಾಳೆಯ ಕೆಳಗೆ ಸಹಿ ಹಾಕಬೇಕು. ಸಹಿ ಬಿದ್ದರೆ ಆ ಗೊಣಗು ಇನ್ನು ಮುಂದೆ ಹೊರಬೀಳುವ ಪ್ರತಿಯೊಂದು ಕಾರಿನೊಳಗೂ ಹೋಗಿ ಕೂರುತ್ತದೆ.

ಭಾವ ನಿಂತುಕೊಂಡೇ ಚಹಾ ಕುಡಿಯುತ್ತಿದ್ದರು. ಮುಂಗೈಯ ಉದ್ದಕ್ಕೂ ವೆಲ್ಡಿಂಗಿನ ಕಿಡಿ ಸಿಡಿದು ಆದ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಅವನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ಏನೋ ಕಿವಿ, ಇವತ್ತು ಫೋಟೋ ತೆಗೀತಾರಾ ಎಂದರು. ಅಕ್ಕ ನಕ್ಕಳು. ಅವನೂ ನಕ್ಕ, ಆದರೆ ಒಂದು ಕ್ಷಣ ತಡವಾಗಿ. ಆ ತಡವನ್ನು ಭಾವ ಗಮನಿಸಿದರೇ? ಗಮನಿಸಿದ್ದರೆ ಏನು ಅಂದುಕೊಂಡಿರಬಹುದು? ಸ್ಕೂಟರಿನ ಹಿಂದೆ ಕೂತು ಆ ಬೆನ್ನನ್ನೇ ನೋಡುತ್ತ, ಹೇಳಬೇಕಾದ ಮಾತನ್ನು ಅವನು ಸಂಜೆ ಕಾಲೇಜಿನಲ್ಲಿ ಪರೀಕ್ಷೆಯ ಉತ್ತರ ಉರು ಹೊಡೆಯುತ್ತಿದ್ದ ಹಾಗೆ ಮನಸ್ಸಿನಲ್ಲೇ ಹೊರಳಿಸಿದ. ಆಗೆಲ್ಲ ಪಾಠ ಮುಗಿದ ಮೇಲೆ ಎಲ್ಲರೂ ಎದ್ದುಹೋದರೂ ಅವನೊಬ್ಬ ಕೂತು, ಬೋರ್ಡಿನ ಮೇಲಿದ್ದುದನ್ನು ಚಂದದ ಅಕ್ಷರದಲ್ಲಿ ಇನ್ನೊಮ್ಮೆ ಬರೆದುಕೊಳ್ಳುತ್ತಿದ್ದ. ಅರ್ಥವಾಗದ್ದನ್ನೂ ಚಂದವಾಗಿ ಬರೆದುಕೊಂಡರೆ ಯಾವತ್ತಾದರೂ ಅರ್ಥವಾಗುತ್ತದೆಂಬ ನಂಬಿಕೆ. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ಮುಂದೆ ಬಾಗಿ, ಭಾವ, ಇವತ್ತು ಕೊನೇ ಆಲಿಕೆ ಎಂದ. ಗೊತ್ತು ಎಂದರು. ನಾನು ಏನಾದ್ರೂ ಹೇಳಬೇಕಾಗಬಹುದು ಎಂದ. ಹಸಿರು ದೀಪ ಬಂತು. ಭಾವ ಗೇರು ಹಾಕಿ, ನಿನಗೆ ಸಂಬಳ ಕೊಡೋದೇ ಅದಕ್ಕಲ್ವಾ ಎಂದರು. ಅದು ಅನುಮತಿಯೋ ಚುಚ್ಚು ಮಾತೋ ಅವನಿಗೆ ತಿಳಿಯಲಿಲ್ಲ. ಮುಖ ಕಾಣುತ್ತಿರಲಿಲ್ಲ. ಬೆನ್ನಿನಿಂದ ದನಿಯ ಬಣ್ಣ ಗುರುತಿಸುವುದು ಯಾವ ಕಿವಿಗೂ ಆಗದ ಕೆಲಸ.

ಅವರ ಕಾರ್ಖಾನೆಯ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡುವ, ಎರಡೇ ಬಾಗಿಲಿನ, ವೇಗಕ್ಕೆಂದೇ ಕಟ್ಟಿದ ಕಾರು. ಅದರ ಬಾಗಿಲು, ಗಾಜು, ನೆಲ ಎಷ್ಟು ಬಿಗಿಯೆಂದರೆ ಒಳಗೆ ಕೂತವನಿಗೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು. ಒಂದು ವಿಭಾಗ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಶಬ್ದವನ್ನು ಹೊರಗಿಟ್ಟಿತ್ತು. ಅಷ್ಟು ದುಡ್ಡು ಕೊಟ್ಟವನಿಗೆ ಸೈಲೆನ್ಸರಿನ ಮೊರೆತ ಕೇಳದಿದ್ದರೆ ಮೋಸ ಹೋದಂತೆ ಅನ್ನಿಸುತ್ತದೆಂದು ಇನ್ನೊಂದು ವಿಭಾಗ ಅದೇ ಶಬ್ದವನ್ನು ಸ್ಪೀಕರಿನಲ್ಲಿ ಒಳಗೆ ತರುತ್ತಿತ್ತು. ಕಾಲು ಒತ್ತಿದರೆ ಸೀಟಿನ ಹಿಂದಿನಿಂದ ಗುಡುಗು, ತೆಗೆದರೆ ಇಳಿಯುವ ಮೊರೆತ, ಎಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ. ಬಾಗಿಲು ಹಾಕ್ಕೊಂಡು ಒಳಗೆ ಕೂತು, ಯಾರೂ ಕರೀಲಿಲ್ಲ ಅಂತ ಅಳೋರ ಹಾಗೆ ಎಂದು ಭಾವ ಒಮ್ಮೆ ಊಟದ ಹೊತ್ತಿನಲ್ಲಿ ಅಂದಿದ್ದರು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕಿದ್ದರು. ಅವನಿಗೆ ಮಾತ್ರ ತನ್ನ ಇಡೀ ವಿಭಾಗವನ್ನು, ಅದರ ಮೂಲಕ ತನ್ನನ್ನು, ಅಂದಂತಾಗಿತ್ತು. ಆ ಕೆಲಸಕ್ಕೆ ಅವನನ್ನು ಸೇರಿಸಿದ್ದೇ ಭಾವ. ಜೋಡಣೆಯ ಸಾಲಿನಲ್ಲಿ ಸಡಿಲ ಬೋಲ್ಟನ್ನು ಮುಟ್ಟದೆ, ಬರೀ ಸದ್ದಿನಿಂದ ಹೇಳುತ್ತಾನೆ ಎಂದು ಮೇಲಿನವರ ಮುಂದೆ ನಿಲ್ಲಿಸಿ ತೋರಿಸಿದ್ದರು.

ಆಲಿಕೆಗೆ ಒಂದು ಪದ್ಧತಿಯಿತ್ತು. ಪರೀಕ್ಷೆಯ ರಸ್ತೆಯಲ್ಲಿ ಕಾರು ಓಡುವಾಗ ಪಕ್ಕದ ಸೀಟಿನಲ್ಲಿ ಕೂತವನು ಕಣ್ಣು ಮುಚ್ಚಿರಬೇಕು. ತೊಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಾಳೆ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಗುಣ, ಬಲಕ್ಕೆ ದೋಷ. ಕೇಳಿದ ತಕ್ಷಣ, ಕಣ್ಣು ತೆರೆಯದೆ, ಒಂದೇ ಒಂದು ಪದ ಬರೆಯಬೇಕು. ವಾಕ್ಯ ಬೇಡ, ಯೋಚನೆ ಬೇಡ. ಮನೆಯ ಭಾಷೆಯಲ್ಲಿ ಮೊದಲು ಬಾಯಿಗೆ ಬಂದದ್ದು. ಆಮೇಲೆ ತಿದ್ದುವ ಹಾಗಿಲ್ಲ. ತಿದ್ದಿದ ಹಾಳೆಯನ್ನು ಹರಿದು ಹಾಕುತ್ತಾರೆ. ಎಡಗೈಯ ಹೆಬ್ಬೆರಳನ್ನು ನಡುಗೆರೆಯ ಮೇಲೆ ಇಟ್ಟುಕೊಂಡು ಅವನು ಬರೆಯುತ್ತಿದ್ದ. ಮೂರು ತಿಂಗಳ ಹಿಂದೆ, ಪರೀಕ್ಷೆಗೆಂದು ಕಟ್ಟಿದ ಮೊದಲ ಗಾಡಿಯಲ್ಲಿ, ವೇಗದಿಂದ ಇಳಿಯುವ ಹೊತ್ತಿಗೆ ನೆಲದಡಿಯಿಂದ ಬಂದ ಒಂದು ಸದ್ದಿಗೆ ಅವನ ಕೈ ಬರೆದದ್ದು ಗೊಣಗು ಎಂದು. ಬೈಯಲೂ ಆಗದೆ ಸುಮ್ಮನಿರಲೂ ಆಗದೆ ಮನುಷ್ಯ ಗಂಟಲಲ್ಲೇ ಇಟ್ಟುಕೊಳ್ಳುವ ಮಾತಿನಂಥ ಸದ್ದು. ಅದು ಏನೆಂದು ಅವನಿಗೆ ಕೂಡಲೇ ಗೊತ್ತಾಗಿತ್ತು. ಸೈಲೆನ್ಸರಿಗೆ ಹೋಗುವ ಕೊಳವೆ ಸೀಟಿನ ಕೆಳಗೆ ಬೆಸೆದುಕೊಳ್ಳುವ ಕಡೆ ಕೂದಲೆಳೆಯಷ್ಟು ಬಿಟ್ಟಿದೆ. ಆ ಬೆಸುಗೆ ಭಾವನದು. ಕಣ್ಣು ತೆರೆದಾಗ ಪದ ಗುಣದ ಕಾಲಮ್ಮಿನಲ್ಲಿತ್ತು.

ಹೆಬ್ಬೆರಳು ಜರುಗಿತ್ತು. ಕಾರು ತಿರುವಿನಲ್ಲಿ ಎಸೆದಾಗ ಜರುಗಿರಬೇಕು. ಅಥವಾ ತಿರುವಿಗೆ ಮೊದಲೇ ಅವನು ಜರುಗಿಸಿದ್ದನೇ? ಎಷ್ಟು ಸಲ ಆ ಕ್ಷಣವನ್ನು ಹಿಂದಕ್ಕೆ ಎಳೆದು ನೋಡಿದರೂ ಅಲ್ಲಿ ಒಂದು ಹೆಬ್ಬೆರಳು ಮಾತ್ರ ಇರುತ್ತಿತ್ತು. ಅದನ್ನು ಆಡಿಸಿದವನು ಕಾಣುತ್ತಿರಲಿಲ್ಲ. ತಪ್ಪಾಗಿದೆ, ಇನ್ನೊಂದು ಹಾಳೆ ಕೊಡಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಹಾಳೆಯನ್ನು ಎಳೆದುಕೊಂಡಿದ್ದರು. ಗೊಣಗು ಎಂದು ಗಟ್ಟಿಯಾಗಿ ಓದಿ, ನಾಲಿಗೆಯ ಮೇಲೆ ಅದರ ರುಚಿ ನೋಡುವವರಂತೆ ಇನ್ನೊಮ್ಮೆ ಓದಿದರು. ಎಲ್ಲರೂ ಗುಡುಗು, ಗರ್ಜನೆ ಅಂತಲೇ ಬರೀತಾರೆ, ಗಾಡಿಗೊಂದು ಸ್ವಭಾವ ಇದೆ ಅಂತ ಕೇಳಿಸಿಕೊಂಡವರು ನೀವೊಬ್ಬರೇ ಎಂದರು. ನೀವೊಬ್ಬರೇ. ದೊಡ್ಡ ದೊಡ್ಡ ಕಾಲೇಜಿನಲ್ಲಿ ಓದಿದವರು ಸುತ್ತ ನಿಂತಿದ್ದರು. ಆ ಹೊತ್ತಿನಲ್ಲಿ ಅವನು ಏನು ಹೇಳಬೇಕಿತ್ತು? ಹೇಳಬೇಕಾದದ್ದನ್ನೇ ಹೇಳಬೇಕಿತ್ತು. ಅವನು ತಲೆ ತಗ್ಗಿಸಿದ. ಅದನ್ನು ವಿನಯವೆಂದರು.

ಅವತ್ತು ಸಂಜೆ ಅವನು ಭಾವನಿಗೆ ಮಾತ್ರ ಹೇಳಿದ. ಭಾವ ಗಾಡಿಯಡಿ ನುಗ್ಗಿ, ಬಿರುಕು ಕಂಡು, ಬೆಸೆದು, ಎದ್ದು ಬಂದು ಕೈ ಒರೆಸಿಕೊಂಡರು. ದುರಸ್ತಿಯ ಪುಸ್ತಕದಲ್ಲಿ ಬರೆಯಲಿಲ್ಲ. ಸರಿಯಾಯ್ತಲ್ಲ ಎಂದರು. ಆಗಲಿಲ್ಲ. ಮರುದಿನ ಮುಖ್ಯಸ್ಥರು ಗಾಡಿ ಓಡಿಸಿ, ನಮ್ಮ ಗೊಣಗು ಎಲ್ಲಿ ಹೋಯಿತು ಎಂದು ಮಗು ಕಳೆದುಕೊಂಡವರಂತೆ ಕೇಳಿದರು. ಹಿಂದಿನ ದಿನ ರೆಕಾರ್ಡ್ ಮಾಡಿಕೊಂಡ ಸದ್ದು ಇತ್ತು. ಧ್ವನಿ ವಿಭಾಗಕ್ಕೆ ಹೊಸದಾಗಿ ಬಂದ ಎಂಜಿನಿಯರ್ ಹುಡುಗಿ ಆ ಎರಡು ಸೆಕೆಂಡನ್ನು ಎತ್ತಿ, ತೊಳೆದು, ಹಿಗ್ಗಿಸಿ, ವೇಗಕ್ಕೆ ತಕ್ಕಂತೆ ಏರಿಳಿಯುವ ಹಾಗೆ ಮಾಡಿ ಸ್ಪೀಕರಿಗೆ ಹಾಕಿದಳು. ಇಷ್ಟಿದ್ದರೆ ಸಾಕಾ, ಸ್ವಲ್ಪ ಒರಟು ಬೇಕಾ ಎಂದು ಅವಳು ಅವನನ್ನೇ ಕೇಳುತ್ತಿದ್ದಳು. ಮೂರು ತಿಂಗಳು ಅವಳ ಪಕ್ಕದಲ್ಲಿ ಕೂತು ಅವನು ಒಂದು ದೋಷವನ್ನು ತಿದ್ದಿ ತಿದ್ದಿ ಚಂದ ಮಾಡಿದ್ದ. ಎಷ್ಟು ಚಂದವೆಂದರೆ ಮುಂದೆ ಯಾರದೋ ಕಾರಿನಲ್ಲಿ ಆ ಬೆಸುಗೆ ನಿಜವಾಗಿ ಬಿಟ್ಟು, ವಾಸನೆಯಿಲ್ಲದ ವಿಷಾನಿಲ ಸೀಟಿನಡಿಯಿಂದ ಒಳಗೆ ಬರತೊಡಗಿದರೆ, ಚಾಲಕ ಅದನ್ನು ಕೇಳಿಸಿಕೊಂಡು ಖುಷಿಪಡುತ್ತಾನೆ. ಕಿಟಕಿ ಮುಚ್ಚಿರುತ್ತದೆ. ಪಕ್ಕದಲ್ಲಿ ಹೆಂಡತಿ ತೂಕಡಿಸುತ್ತಿರುತ್ತಾಳೆ. ಈ ಚಿತ್ರ ಬಂದಾಗಲೆಲ್ಲ ಅವನು ಎದ್ದು ನೀರು ಕುಡಿಯುತ್ತಿದ್ದ. ಹೇಳಿದರೆ ತಪ್ಪು ಭಾವನ ಕೈ ಮೇಲೆ ಬರುತ್ತದೆ. ಪುಸ್ತಕದಲ್ಲಿ ಬರೆಯದೆ ಬೆಸೆದವನನ್ನು ಅಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬರುತ್ತಿತ್ತು. ಅದರ ಹಿಂದೆಯೇ, ನಾಚಿಕೆಯಿಲ್ಲದೆ, ನೀವೊಬ್ಬರೇ ಎಂಬ ಮಾತೂ ಬರುತ್ತಿತ್ತು. ಯಾವುದಕ್ಕೆ ಹೆದರಿ ಸುಮ್ಮನಿದ್ದಾನೆಂದು ಅವನು ತನ್ನನ್ನು ಕೇಳಿಕೊಂಡಾಗ ಅಕ್ಕನ ಮುಖವನ್ನೇ ಮುಂದೆ ಮಾಡುತ್ತಿದ್ದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಕಾರನ್ನು ತಂದು ನಿಲ್ಲಿಸಿದರು. ಮುಖ್ಯಸ್ಥರು ತಾವೇ ಓಡಿಸುತ್ತೇನೆಂದರು. ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಎಂಜಿನಿಯರ್ ಹುಡುಗಿ ಮೊಣಕಾಲನ್ನು ಎದೆಗೆ ತಂದುಕೊಂಡು, ಲ್ಯಾಪ್‌ಟಾಪನ್ನು ಅದರ ಮೇಲೆ ನಿಲ್ಲಿಸಿಕೊಂಡು ಕೂತಳು. ಅವನು ಪಕ್ಕದ ಸೀಟಿನಲ್ಲಿ. ಬಾಗಿಲು ಹಾಕಿದ ಕೂಡಲೇ ಹೊರಗಿನ ಲೋಕ ಸ್ವಿಚ್ಚು ಆರಿಸಿದ ಹಾಗೆ ನಿಂತುಹೋಯಿತು. ತನ್ನ ಉಗುಳು ನುಂಗಿದ ಸದ್ದು ಅವನಿಗೇ ಕೇಳಿಸಿತು. ಅವರಿಗೂ ಕೇಳಿಸಿರಬಹುದು. ಮುಖ್ಯಸ್ಥರ ಹೊಸ ಬೆಲ್ಟಿನ ಚರ್ಮದ ಕಿರುಗುಟ್ಟುವಿಕೆ, ಹುಡುಗಿಯ ಉಗುರು ಕೀಲಿಯ ಮೇಲೆ ತಟ್ಟಿದ್ದು. ಕಣ್ಣು ಮುಚ್ಚಿದ. ಕಾರು ನುಗ್ಗಿತು. ಬೆನ್ನ ಹಿಂದಿನಿಂದ ಗುಡುಗು ಎದ್ದು ಪಕ್ಕೆಲುಬಿಗೆ ಬಂದು ಬಡಿಯಿತು. ಅದು ಬರೀ ಸ್ಪೀಕರ್, ತಾನೇ ಕೂತು ಅಳೆದು ಹಾಕಿಸಿದ್ದು ಎಂದು ಗೊತ್ತಿದ್ದರೂ ಹೊಟ್ಟೆಯೊಳಗೆ ಏನೋ ಹಿಗ್ಗಿತು. ಮುಖ್ಯಸ್ಥರು ಕಾಲು ತೆಗೆದರು. ಗೊಣಗು ಬಂತು. ಆಹಾ ಎಂದು ಮುಖ್ಯಸ್ಥರು ಉಸಿರುಬಿಟ್ಟರು. ಒಂದು ಸುತ್ತು, ಎರಡು ಸುತ್ತು. ಹಲಗೆಯ ಮೇಲೆ ಪೆನ್ನು ಹಿಡಿದ ಕೈ ಬೆವರಿ ಕಾಗದಕ್ಕೆ ಅಂಟಿತು. ಎರಡನೆಯ ಸುತ್ತಿನ ಇಳಿತದಲ್ಲಿ ಅವನಿಗೆ ಗೊಣಗಿನ ಕೆಳಗೆ ಇನ್ನೊಂದು ಗೊಣಗು ಇದ್ದ ಹಾಗೆ, ಒಂದು ಅಕ್ಷರವನ್ನು ಅದೇ ಅಕ್ಷರದ ಮೇಲೆ ಬರೆದ ಹಾಗೆ ಅನ್ನಿಸಿತು.

"ಸರ್," ಎಂದ, "ಸ್ಪೀಕರ್ ನಿಲ್ಲಿಸಿ ಒಂದು ಸುತ್ತು ಹೋಗೋಣವಾ?"

"ಯಾಕೆ, ಹಲ್ಲುಸೆಟ್ಟು ತೆಗೆದು ನಗು ನೋಡ್ಬೇಕಾ ನಿಮಗೆ?"

ಹಿಂದೆ ಹುಡುಗಿ ನಕ್ಕಳು, ಆಮೇಲೆ ನಿಲ್ಲಿಸಿದೆ ಎಂದಳು. ಮೂರನೆಯ ಸುತ್ತು ಬೋಳುಬೋಳಾಗಿತ್ತು. ಅಷ್ಟು ವೇಗದಲ್ಲಿ ಅಷ್ಟು ಮೌನ ಕುತ್ತಿಗೆಯ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತಿತ್ತು. ಮುಖ್ಯಸ್ಥರು ಕಾಲು ತೆಗೆದರು. ಅವನು ತನ್ನನ್ನೆಲ್ಲ ಕಿವಿಗೆ ತಂದು ಕೂರಿಸಿದ. ಅಲ್ಲಿ ಗೊಣಗು ಇತ್ತು. ಬೆಳಿಗ್ಗೆ ನಲ್ಲಿಯಲ್ಲೂ ಇತ್ತು. ಫ್ರಿಜ್ಜಿನ ಹಿಂದೆ, ಮುದುಕನ ಗಂಟಲಲ್ಲಿ, ಭಾವನ ಬೆನ್ನಲ್ಲಿ. ಇದು ಕಾರಿನದೋ, ಮೂರು ತಿಂಗಳು ಕೇಳಿ ಕೇಳಿ ತಲೆಯೊಳಗೆ ಉಳಿದದ್ದೋ? ಮುಖ್ಯಸ್ಥರು ಕೇಳ್ತಾ ಎಂದರು. ಗೊತ್ತಾಗ್ತಿಲ್ಲ ಸರ್ ಎಂದ. ಅವರು ಬ್ರೇಕು ಹಾಕಿ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಅವನ ಕಡೆ ಪೂರ್ತಿಯಾಗಿ ತಿರುಗಿದರು.

"ಗೊತ್ತಾಗ್ತಿಲ್ಲ ಅನ್ನೋದಕ್ಕೆ ನಮ್ಮ ಹಾಳೇಲಿ ಕಾಲಂ ಇಲ್ಲ."

ನಗೆಯಾಡಿದ್ದೇ. ಕಣ್ಣಲ್ಲಿ ಮಾತ್ರ ನಗೆಯಿರಲಿಲ್ಲ. ಸಹಿ ಹಾಕುವ ಜಾಗ ಅವನ ತೊಡೆಯ ಮೇಲೆ ಖಾಲಿಯಿತ್ತು. ಇಲ್ಲ, ಏನೂ ಕೇಳಲಿಲ್ಲ ಎಂದುಬಿಟ್ಟರೆ ಮುಗಿಯಿತು; ಒಂದು ಉಸಿರಿನ ಕೆಲಸ. ಅವನು ಗಾಜಿನಾಚೆ ನೋಡಿದ. ಬೇಲಿಯ ತಂತಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವೊಂದು ಉಬ್ಬುತ್ತಿತ್ತು, ಸೊರಗುತ್ತಿತ್ತು, ಸದ್ದೇ ಇಲ್ಲದೆ.

"ಸರ್, ಅದು ಗುಣ ಅಲ್ಲ, ದೋಷ," ಎಂದ. ದನಿ ಎಷ್ಟು ಸಣ್ಣಗಿತ್ತೆಂದರೆ ಇನ್ನೊಮ್ಮೆ ಹೇಳಬೇಕಾಯಿತು. "ಮೊದಲ ಗಾಡೀಲಿ ಸೈಲೆನ್ಸರ್ ಪೈಪಿನ ಬೆಸುಗೆ ಬಿಟ್ಟಿತ್ತು. ಅದರ ಸದ್ದು ಅದು. ನಾನು ತಪ್ಪು ಕಾಲಮ್ಮಲ್ಲಿ ಬರೆದೆ. ಗೊತ್ತಿದ್ದೂ ಸುಮ್ಮನಿದ್ದೆ."

ಹಿಂದಿನಿಂದ ಹುಡುಗಿ, ನನಗಾದ್ರೂ ಹೇಳಬಹುದಿತ್ತಲ್ಲ ಎಂದಳು. ಸಿಟ್ಟಿನಿಂದಲ್ಲ, ತನ್ನ ಡಬ್ಬಿಯಿಂದ ಯಾರೋ ತಿಂದದ್ದು ತಿಳಿದ ಮಗುವಿನಂತೆ. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ತಾಗಿತು. ಬಿಟ್ಟಿತ್ತು ಅಂತ ನೋಡಿದವರು ಯಾರು ಎಂದು ಮುಖ್ಯಸ್ಥರು ಕೇಳಿದರು. ಈ ಪ್ರಶ್ನೆ ಬರುತ್ತದೆಂದು ಅವನಿಗೆ ಮೂರು ತಿಂಗಳಿಂದ ಗೊತ್ತಿತ್ತು, ಇದಕ್ಕೆ ನಾಲ್ಕೈದು ಉತ್ತರ ಮಾಡಿಟ್ಟುಕೊಂಡಿದ್ದ. ಅವನ್ನೆಲ್ಲ ಬಿಟ್ಟು, ವೆಲ್ಡರ್, ನನ್ನ ಭಾವ ಎಂದ. ಸರಿ ಮಾಡಿದ್ದೂ ಅವರೇ, ನಾನು ಹೇಳಿದ್ದಕ್ಕೆ. ಹೇಳಿ ಮುಗಿಸಿದ ಮೇಲೆ ಹಗುರವಾಗುತ್ತದೆಂದು ಎಲ್ಲೋ ಓದಿದ್ದ. ಹಾಗೇನೂ ಆಗಲಿಲ್ಲ. ಸೀಟಿನಲ್ಲಿ ಇನ್ನಷ್ಟು ಹೂತುಹೋದಂತಾಯಿತು.

ಷೆಡ್ಡಿನಲ್ಲಿ ಕಾರನ್ನು ಲಿಫ್ಟಿಗೆ ಹಾಕಿ ಆಳೆತ್ತರಕ್ಕೆ ಏರಿಸಿದರು. ಭಾವನನ್ನು ಕರೆಸಿದರು. ಅವರು ಹಣೆಯ ಮೇಲೆ ಎತ್ತಿಕೊಂಡ ವೆಲ್ಡಿಂಗ್ ಮುಖವಾಡ ತೆಗೆಯುವುದನ್ನೂ ಮರೆತು ಬಂದಿದ್ದರು. ಅವನು ಅವರ ಬೂಟುಗಳನ್ನು ನೋಡಿದ. ಅದಕ್ಕಿಂತ ಮೇಲೆ ನೋಡಲಾಗಲಿಲ್ಲ. ನೀವು ಪುಸ್ತಕದಲ್ಲಿ ಬರೆಯದೆ ಒಂದು ಗಾಡಿ ಬೆಸೆದಿದ್ದೀರಂತೆ ಎಂದರು ಮುಖ್ಯಸ್ಥರು.

"ಒಂದಲ್ಲ ಸರ್," ಎಂದರು ಭಾವ. "ಮೂರು."

ಅವನು ಕತ್ತೆತ್ತಿದ. ಅವನಿಗೆ ಗೊತ್ತಿದ್ದದ್ದು ಒಂದು.

ಒಂದಾಗಿದ್ದರೆ ನನ್ನ ಕೈದೇ ತಪ್ಪು ಅನ್ನಬಹುದಿತ್ತು ಎಂದು ಭಾವ ನಿಧಾನವಾಗಿ, ಲೆಕ್ಕ ಒಪ್ಪಿಸುವವರಂತೆ ಹೇಳಿದರು. ಮೂರೂ ಒಂದೇ ಜಾಗದಲ್ಲಿ ಬಿಟ್ಟಿದೆ. ಪೈಪನ್ನು ಅಲ್ಲಿ ಎರಡೂ ಕಡೆ ಬಿಗಿದು ಕಟ್ಟಿದ್ದಾರೆ. ಬಿಸಿಯಾದರೆ ಹಿಗ್ಗಲಿಕ್ಕೆ ಜಾಗವಿಲ್ಲ, ಎಷ್ಟು ಬೆಸೆದರೂ ಬಿಡುತ್ತದೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಮುಖ್ಯಸ್ಥರು ಕೇಳಿದಾಗ ಅವರು ಉತ್ತರ ಕೊಟ್ಟದ್ದು ಮುಖ್ಯಸ್ಥರ ಕಡೆ ನೋಡಿಯಲ್ಲ.

"ಇವನ ಆ ಒಂದು ಪದಕ್ಕೆ ನೀವೆಲ್ಲ ಅಷ್ಟು ಹೆಸರು ಕೊಟ್ಟಿದ್ರಿ. ಮನೇಲಿ ಇವರಕ್ಕ ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ಲು. ನಾನು ಬಾಯಿಬಿಟ್ರೆ ಅದು ಹೋಗ್ತಿತ್ತು."

ಹಾಗಾದರೆ ಆ ಮೂರು ತಿಂಗಳೂ ಒಂದೇ ಸ್ಕೂಟರಿನ ಮೇಲೆ, ಒಬ್ಬರ ಹಿಂದೊಬ್ಬರು ಕೂತು. ತಾನು ಭಾವನನ್ನು ಕಾಪಾಡುತ್ತಿದ್ದೇನೆಂದು ಇಟ್ಟುಕೊಂಡಿದ್ದ ಸುಳ್ಳಿನ ಬುಡದಲ್ಲಿ ಭಾವನ ಸುಳ್ಳು ಇತ್ತು. ಎರಡೂ ಸೇರಿ ಇನ್ನೆರಡು ಗಾಡಿಗಳನ್ನು ಪರೀಕ್ಷೆಯ ರಸ್ತೆಗೆ ಬಿಟ್ಟಿದ್ದವು. ಆವತ್ತೇ ದೋಷ ಎಂದು ಬರೆದಿದ್ದರೆ, ತಪ್ಪು ಪೈಪನ್ನು ಬಿಗಿದ ರೀತಿಯದೆಂದು ಆಗಲೇ ತಿಳಿದು, ಭಾವನ ಕೈ ಮೇಲೆ ಏನೂ ಬರುತ್ತಿರಲಿಲ್ಲ.

ಇದರಲ್ಲೂ ಬಿಟ್ಟಿದೆಯಾ ಎಂದು ಮುಖ್ಯಸ್ಥರು ಮೇಲಿದ್ದ ಕಾರಿನ ಕಡೆ ಗಲ್ಲ ಎತ್ತಿದರು. ಇದನ್ನ ನಾನಿನ್ನೂ ನೋಡಿಲ್ಲ ಎಂದರು ಭಾವ. ಟಾರ್ಚು ತೆಗೆದು ಅವನ ಕೈಗೆ ಕೊಟ್ಟು, ಬಾ ಎಂದು ಕಾರಿನಡಿಗೆ ನಡೆದರು. ಬಿಸಿ ಕಬ್ಬಿಣದ, ಸುಟ್ಟ ಧೂಳಿನ ಗಾಳಿ ಮುಖಕ್ಕೆ ಬಡಿಯಿತು. ಭಾವ ಚಿಂದಿಯಲ್ಲಿ ಕೈ ಸುತ್ತಿಕೊಂಡು ತಗಡಿನ ಮರೆಯನ್ನು ಸರಿಸಿದರು. ಬೆಸುಗೆಯ ಉಬ್ಬಿನ ಪಕ್ಕದಲ್ಲಿ, ಮೀಸೆ ಮೂಡುವ ವಯಸ್ಸಿನ ತುಟಿಯ ಮೇಲಿನಂತೆ, ತೆಳ್ಳಗೆ ಕಪ್ಪು ಮಸಿ ಹರಡಿತ್ತು. ಅದರ ನಡುವೆ ಕೂದಲೆಳೆಯಂಥ ಬಿರುಕು. ಮುಖ್ಯಸ್ಥರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಹುಡುಗಿಯೂ ಬಂದು ನೋಡಿದಳು. ಆಮೇಲೆ ಮುಖ್ಯಸ್ಥರ ಕೈ ಅವನ ಭುಜದ ಮೇಲೆ ಬಂದು ಕೂತಿತು, ಭಾರವಾಗಿ, ಬೆಚ್ಚಗೆ.

"ಅಂದ್ರೆ ನಿಮಗೆ ಕೇಳಿಸಿತ್ತು," ಎಂದರು. "ಸ್ಪೀಕರ್ ನಿಲ್ಲಿಸಿದಾಗ ನಮ್ಮಿಬ್ಬರಿಗೂ ಕೇಳಿಸದ್ದು ನಿಮಗೆ ಕೇಳಿಸ್ತು. ಅದಕ್ಕೇ ಬಾಯಿಬಿಟ್ರಿ."

ಹುಡುಗಿ ಅವನನ್ನು ನೋಡುತ್ತಿದ್ದಳು. ಆ ನೋಟ ಕ್ಷಮಿಸಲು ಕಾರಣ ಹುಡುಕುತ್ತಿತ್ತು. ಹೌದು ಎಂದರೆ ಸಾಕು, ಮೂರು ತಿಂಗಳ ತಪ್ಪಿನ ಮೇಲೆ ಒಂದು ಒಳ್ಳೆಯ ಮುಚ್ಚಳ ಬೀಳುತ್ತಿತ್ತು. ಭಾವನಿಗೂ ಒಳ್ಳೆಯದಾಗುತ್ತಿತ್ತೇನೋ. ಕತ್ತು ಆಗಲೇ ತಗ್ಗಲು ಹೊರಟಿದ್ದು ಅವನಿಗೆ ತಿಳಿಯಿತು.

"ಇಲ್ಲ ಸರ್. ಕೇಳಿಸ್ತು ಅಂದ್ರೆ ಸುಳ್ಳಾಗುತ್ತೆ. ಸ್ಪೀಕರಿನದು, ಇದು, ನನಗೆ ಎರಡೂ ಒಂದೇ ಆಗಿಹೋಗಿದೆ. ನನಗೇ ಹೀಗಾದ್ರೆ, ಗಾಡಿ ತಗೊಂಡವರಿಗೆ ಹೇಗೆ ಗೊತ್ತಾಗುತ್ತೆ?"

ಭುಜದ ಮೇಲಿನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದರ ಭಾರ ಕಡಿಮೆಯಾಯಿತು, ಆಮೇಲೆ ಇರಲಿಲ್ಲ. ಎಲ್ಲಾ ಗಾಡಿಗಳನ್ನೂ ಒಳಗೆ ತರಿಸಿ ಎಂದು ಮುಖ್ಯಸ್ಥರು ಯಾರಿಗೋ ಹೇಳುತ್ತ ದೂರ ಹೋಗುತ್ತಿರುವುದು ಕೇಳಿಸಿತು. ಹುಡುಗಿಯ ಹೆಜ್ಜೆ ಅವರ ಹಿಂದೆ ಹೋಯಿತು. ಕಾರಿನಡಿ ಇಬ್ಬರೇ ಉಳಿದರು.

"ಬೆಳಕು ಅಲ್ಲಾಡ್ತಿದೆ," ಎಂದರು ಭಾವ. "ಸರಿಯಾಗಿ ಹಿಡಿ."